ಒಂದೇ ಬ್ಯಾರಕ್ಕು, ಎಷ್ಟು ಕೇರಿ?



ಜೈಲಿನ ವಿಷಯ ಬಂದರೆ ನಮ್ಮಲ್ಲಿ ಎರಡೇ ಥರದ ಮಾತು. ಮೈಕು ಹಿಡಿದವರು 'ಜೈಲು ತುಂಬೋಣ ಬನ್ನಿ' ಅಂತಾರೆ. ಮನೆಯಲ್ಲಿ ಅವ್ವ 'ಜೈಲು ಕಂಡೋನಿಗೆ ಯಾರಪ್ಪ ಹೆಣ್ಣು ಕೊಡ್ತಾರೆ, ಯಾರಪ್ಪ ನೌಕರಿ ಕೊಡ್ತಾರೆ' ಅಂತ ಸೆರಗಲ್ಲಿ ಕಣ್ಣೊರೆಸಿಕೊಳ್ತಾಳೆ. ಎರಡರಲ್ಲೂ ಸತ್ಯ ಇದೆ. ಆದರೆ ಒಳಗೆ ಹೋದ ಮೇಲೆ ಪಕ್ಕದ ಚಾಪೆಯಲ್ಲಿ ಮಲಗೋನು ಯಾರು, ಅವನ ಜೊತೆ ಉಣ್ಣೋದು ಹೇಗೆ, ತಿಂಗಳುಗಟ್ಟಲೆ ವರ್ಷಗಟ್ಟಲೆ ಅವನ ಜೊತೆ ಬದುಕೋದು ಹೇಗೆ ಅನ್ನೋದನ್ನ ಇಬ್ಬರೂ ಹೇಳೋದಿಲ್ಲ. ಈ ಸಲ ಅದನ್ನೇ ಮಾತಾಡೋಣ ಅಂತ ಕೂತಿದ್ದೀವಿ.

ಕುದಾಪುರದಿಂದ ಶುರು ಮಾಡ್ತೀವಿ. ಚಳ್ಳಕೆರೆ ತಾಲ್ಲೂಕು, ನಾಯಕನಹಟ್ಟಿ ಸೀಮೆ. ಅಲ್ಲಿನ ಅಮೃತಮಹಲ್ ಕಾವಲಿನಲ್ಲಿ 1500 ಎಕರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಯಿತು. ವರವು ಕಾವಲಿನ ನೆಲ ರಕ್ಷಣಾ ಸಂಶೋಧನೆಯವರಿಗೆ, ಉಳ್ಳಾರ್ತಿ ಕಾವಲಿನದ್ದು ಅಣುಶಕ್ತಿಯವರಿಗೆ. ಎಲ್ಲ ಸೇರಿ ಹತ್ತು ಸಾವಿರ ಎಕರೆ ಹತ್ತಿರ. ವಿಷಯ ಹಸಿರು ನ್ಯಾಯಮಂಡಳಿಯ ತನಕ ಹೋಗಿ 2014ರಲ್ಲಿ ತೀರ್ಪೂ ಬಂತು, ಗೋಡೆ ಬೀಳಲಿಲ್ಲ. ವಿಜ್ಞಾನ ಬೇಡ ಅನ್ನೋರಲ್ಲ ನಾವು. ನಮ್ಮ ಹಾಸ್ಟೆಲ್ ಹುಡುಗರು ಆ ಗೋಡೆಯ ಒಳಗೆ ಪ್ರೊಫೆಸರುಗಳಾಗಿ ಕೂರಲಿ ಅನ್ನೋದೇ ನಮ್ಮಾಸೆ. ಆದರೆ ಗೋಡೆ ಎದ್ದ ಕಡೆಯೆಲ್ಲ ಹೊಸ ಅಪರಾಧಿಯೊಬ್ಬ ಹುಟ್ಟುತ್ತಾನೆ. ನಿನ್ನೆ ಕುರಿ ಮೇಯಿಸುತ್ತಿದ್ದವನು ಅದೇ ಕುರಿಯ ಹಿಂದೆ ಅದೇ ಜಾಗಕ್ಕೆ ಇವತ್ತು ಕಾಲಿಟ್ಟರೆ ಅತಿಕ್ರಮ ಪ್ರವೇಶ.

ನೆಲಕ್ಕೂ ಜೈಲಿಗೂ ಇನ್ನೊಂದು ನಂಟಿದೆ. ಅದನ್ನು ಯಾವ ಕಾನೂನಿನ ಪುಸ್ತಕವೂ ಬಿಡಿಸಿ ಹೇಳೋದಿಲ್ಲ. ಕೋರ್ಟು ಜಾಮೀನು ಕೊಟ್ಟಿತು ಅಂತಿಟ್ಟುಕೊಳ್ಳಿ. ಹೊರಗೆ ಬರೋಕೆ ಜಾಮೀನುದಾರ ಬೇಕು, ಜಾಮೀನುದಾರನ ಕೈಯಲ್ಲಿ ಪಹಣಿ ಬೇಕು. ನಮ್ಮ ಹಟ್ಟಿಗಳಲ್ಲಿ ಪಹಣಿ ಯಾರ ಹೆಸರಲ್ಲಿದೆ? ಅಪ್ಪ ಹೋಗಿ ಗೌಡನ ಮನೆ ಮುಂದೆ ನಿಲ್ಲಬೇಕು. ಗೌಡನ ಮೇಲೆಯೇ ದೂರು ಕೊಟ್ಟಿದ್ದ ಮಗನಾದರೆ ಅಲ್ಲಿಗೆ ಮುಗೀತು. ಹೀಗೆ ಆದೇಶ ಸಿಕ್ಕಿಯೂ ಒಳಗೇ ಉಳಿದವರಿದ್ದಾರೆ. ಭೂಮಿ ಇಲ್ಲದವನಿಗೆ ಬಿಡುಗಡೆಯೂ ಇಲ್ಲ ಅನ್ನೋದು ಭಾಷಣದ ಮಾತಲ್ಲ, ಜೈಲು ಗೇಟಿನ ಲೆಕ್ಕ.

ಸರ್ಕಾರದ್ದೇ ಲೆಕ್ಕ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನರು. ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಜನದ ಅಪರಾಧ ಇನ್ನೂ ಸಾಬೀತೇ ಆಗಿಲ್ಲ. ನೂರು ಜನಕ್ಕೆ ಅಂತ ಮಾಡಿದ ಜಾಗದಲ್ಲಿ 131 ಜನ. ಹೆಚ್ಚುಕಡಿಮೆ ಐವರಲ್ಲೊಬ್ಬ ಪರಿಶಿಷ್ಟ ಜಾತಿಯವನು. ಅಂದಮೇಲೆ ಪಕ್ಕದ ಚಾಪೆಯವನು ಯಾರು ಅಂತ ಕೇಳಬೇಕಾ? ಬೈಕು ಕದ್ದ ಆರೋಪದವನು, ಸಾರಾಯಿ ಕೇಸಿನವನು, ಬದು ಒತ್ತುವರಿ ಜಗಳದಲ್ಲಿ ತಲೆ ಒಡೆದವನು, ಏನೂ ಮಾಡದೆ ಸಿಕ್ಕಿಬಿದ್ದವನು. ಬಹುಪಾಲು ನಮ್ಮಂಥ ಮನೆಗಳಿಂದಲೇ ಬಂದವರು.

ಹೋರಾಟದ ಹುಡುಗ ಒಳಗೆ ಹೋದಾಗ ಮೊದಲು ಬರುವ ಕಾಯಿಲೆ ಒಂದಿದೆ. 'ನಾನು ರಾಜಕೀಯ ಕೈದಿ, ಇವರೆಲ್ಲ ಕಳ್ಳರು' ಅನ್ನೋದು. ಈ ಕಾಯಿಲೆ ದೊಡ್ಡವರಿಂದ ಬಂದದ್ದು. 1975ರ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದರು. ಅಡ್ವಾಣಿಯವರ ಜೈಲು ಡೈರಿ ಪುಸ್ತಕವಾಗಿ ಅಂಗಡಿಗೆ ಬಂತು. ಅದೇ ಜೈಲಿನಲ್ಲಿ ಅದೇ ಕಾಲಕ್ಕೆ ಇದ್ದ ಜೇಬುಗಳ್ಳನ ಡೈರಿ ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ಅಲ್ಲೇ ಇನ್ನೊಬ್ಬರೂ ಇದ್ದರು, 'ಸಂಸ್ಕಾರ' ಸಿನಿಮಾದ ಚಂದ್ರಿ, ಸ್ನೇಹಲತಾ ರೆಡ್ಡಿ. ಅಸ್ತಮಾದಲ್ಲಿ ಉಸಿರು ಕಟ್ಟುತ್ತಿದ್ದಾಗಲೂ ಆಕೆ ಜೊತೆಯ ಹೆಣ್ಣು ಕೈದಿಗಳ ಪರವಾಗಿ ದನಿ ಎತ್ತಿದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಗೆ ಬಿಟ್ಟರು, 20ಕ್ಕೆ ತೀರಿಕೊಂಡರು. ಜೈಲಿಗೆ ಹೋದ ದೊಡ್ಡವರಲ್ಲಿ ನಮಗೆ ಮಾದರಿ ಬೇಕಾದರೆ ಆಕೆ ಸಾಕು.

ನಮ್ಮದೇ ಪರಂಪರೆಯೂ ಇದೆ. 1964ರ ಡಿಸೆಂಬರ್ 6, ಬಾಬಾಸಾಹೇಬರ ಪರಿನಿಬ್ಬಾಣದ ದಿನ, ದಾದಾಸಾಹೇಬ್ ಗಾಯಕವಾಡರ ಮುಂದಾಳತ್ವದಲ್ಲಿ ರಿಪಬ್ಲಿಕನ್ ಪಕ್ಷದವರು ಭೂಮಿಗಾಗಿ ಸತ್ಯಾಗ್ರಹ ಶುರು ಮಾಡಿದರು. ಮೂರು ಲಕ್ಷಕ್ಕೂ ಹೆಚ್ಚು ಜನ ಜೈಲು ಸೇರಿದರು. ಅವರಲ್ಲಿ ಬಹಳ ಮಂದಿ ಕೂಲಿಯವರು. ಪಾಳು ಬಿದ್ದ ಸರ್ಕಾರಿ ಭೂಮಿಯನ್ನು ಉಳೋರಿಗೆ ಕೊಡಿ ಅಂತ ಕೇಳಿ ಒಳಗೆ ಹೋದವರು. ಕಳ್ಳರ ಪಕ್ಕ ಕೂರೋಕೆ ಅವರೇನು ಮುಖ ಕಿವುಚಿರಲಿಕ್ಕಿಲ್ಲ. ಊರಿನ ಲೆಕ್ಕದಲ್ಲಿ ಹೊಲಗೇರಿಯವನು ಹುಟ್ಟಿನಿಂದಲೇ ಕಳ್ಳ ತಾನೆ?

ಈಗ ಪೊರಕೆಯ ವಿಷಯಕ್ಕೆ ಬರೋಣ. ನಮ್ಮ ಪ್ರಕಾರ ಇಡೀ ವಿಷಯ ಇರೋದೇ ಅಲ್ಲಿ.

ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ದೇಶದ ಜೈಲು ಕೈಪಿಡಿಗಳನ್ನು ಹುಡುಕಿ ಓದಿ 2020ರಲ್ಲಿ ಬರೆದರು, ಆಮೇಲೆ ಸುಪ್ರೀಂ ಕೋರ್ಟಿಗೆ ಹೋದರು. ಅವರು ತೆಗೆದು ತೋರಿಸಿದ್ದೇನು? ಪಶ್ಚಿಮ ಬಂಗಾಳದ ಕೈಪಿಡಿಯಲ್ಲಿ ಕಸ ಗುಡಿಸೋರನ್ನು ಮೇತರ್, ಹಾಡಿ ಜಾತಿಯಿಂದ ಆರಿಸಬೇಕು ಅಂತಿತ್ತು. ಉತ್ತರ ಪ್ರದೇಶದ್ದರಲ್ಲಿ ಸಾದಾ ಸಜೆಯ ಕೈದಿಗೆ ಕೀಳು ಕೆಲಸ ಹೇಳಬಾರದು, ಅಂಥ ಕೆಲಸ ರೂಢಿಯಿರುವ ಜಾತಿಯವನಾದರೆ ಹೇಳಬಹುದು ಅಂತಿತ್ತು. ಇಂಗ್ಲಿಷರು ಬರೆದಿಟ್ಟು ಹೋದದ್ದನ್ನ ಸ್ವತಂತ್ರ ಭಾರತದ ಅಧಿಕಾರಿಗಳು ಅಚ್ಚು ಹಾಕಿಸಿಕೊಂಡು ಬಂದಿದ್ದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಇಂಥ ನಿಯಮಗಳನ್ನೆಲ್ಲ ರದ್ದು ಮಾಡಿತು. ಕೈದಿಗಳ ರಿಜಿಸ್ಟರಿನಲ್ಲಿ ಜಾತಿಯ ಕಾಲಂ ಇರಕೂಡದು ಅಂತಲೂ, ಮೂರು ತಿಂಗಳಲ್ಲಿ ಎಲ್ಲ ರಾಜ್ಯಗಳೂ ಕೈಪಿಡಿ ತಿದ್ದಬೇಕು ಅಂತಲೂ ಹೇಳಿತು. ಹದಿನೇಳನೇ ವಿಧಿ, ಅಸ್ಪೃಶ್ಯತೆ ಅಳಿಸುವ ವಿಧಿ, ಜೈಲಿನ ಗೋಡೆ ದಾಟಿ ಒಳಗೆ ಹೋಗೋಕೆ ಎಪ್ಪತ್ನಾಲ್ಕು ವರ್ಷ ಬೇಕಾಯಿತು.

ಕಾಲಂ ಹೋಯಿತು ಅನ್ನೋಣ. ಆದರೆ ಬ್ಯಾರಕ್ಕಿನಲ್ಲಿ ಮೊದಲ ರಾತ್ರಿ ಕೇಳುವ ಪ್ರಶ್ನೆಗೆ ರಿಜಿಸ್ಟರ್ ಬೇಕಿಲ್ಲ. 'ಯಾವೂರು? ಊರಲ್ಲಿ ಎಲ್ಲಿ?' ಅಷ್ಟು ಸಾಕು. ಬೆಳಿಗ್ಗೆಗೆ ಪೊರಕೆ ಯಾರ ಕೈಗೆ, ಅಡಿಗೆಮನೆ ಯಾರಿಗೆ ಅನ್ನೋದು ತಾನಾಗಿ ತೀರ್ಮಾನ ಆಗಿರುತ್ತೆ.

ಆಗ ನಮ್ಮ ಓದಿದ ಹುಡುಗ ಏನು ಮಾಡ್ತಾನೆ? 'ನಾನು ಮುಟ್ಟಲ್ಲ' ಅಂತ ಸೆಟೆದು ನಿಲ್ಲುತ್ತಾನೆ. ಸರಿ, ಸ್ವಾಭಿಮಾನ. ಅವನು ಕಾನೂನು ಹೇಳಬಲ್ಲ, ಇಂಗ್ಲಿಷಿನ ನಾಲ್ಕು ಮಾತು ಒಗೆಯಬಲ್ಲ, ಹೊರಗೆ ಅವನ ಹೆಸರಿನಲ್ಲಿ ಧಿಕ್ಕಾರ ಕೂಗುವವರಿದ್ದಾರೆ. ವಾರ್ಡರ್ ಸುಮ್ಮನಾಗುತ್ತಾನೆ. ಆದರೆ ಪೊರಕೆ ಸುಮ್ಮನಾಗೋದಿಲ್ಲ. ಅದು ಇನ್ನೊಬ್ಬನ ಕೈಗೆ ಹೋಗುತ್ತೆ. ಯಾರ ಕೈಗೆ? ಓದಿಲ್ಲದ, ಹೇಳಿಕೊಳ್ಳಲು ಜನ ಇಲ್ಲದ, ನೋಡೋಕೆ ಹೆಂಡತಿಯೂ ಬರದ ಇನ್ನೊಬ್ಬ ಮಾದಿಗರವನ ಕೈಗೆ. ಒಬ್ಬ ದಲಿತನ ಸ್ವಾಭಿಮಾನದ ಸಂಬಳವನ್ನು ಇನ್ನೊಬ್ಬ ದಲಿತ ಕಟ್ಟಿದ ಹಾಗಾಯ್ತು. ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸೋಕೆ 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ಹೊರಟಾಗ ಅವರು ಒಬ್ಬರ ತಲೆಯಿಂದ ಇಳಿಸಿ ಇನ್ನೊಬ್ಬರ ತಲೆಗೆ ಇಡೋಕೆ ಹೊರಟಿರಲಿಲ್ಲ.

ಆದ್ದರಿಂದ ನಾವು ಹೇಳೋದು: ಪಾಳಿ ಕೇಳಿ. ಬ್ಯಾರಕ್ಕಿನಲ್ಲಿ ಅರವತ್ತು ಜನ ಇದ್ದರೆ ಅರವತ್ತೂ ಜನಕ್ಕೆ ಪಾಳಿ. ಲಿಂಗಾಯತರವನಿಗೂ, ರೆಡ್ಡಿಗೂ, ನಾಯಕರವನಿಗೂ, ಬ್ರಾಹ್ಮಣನಿಗೂ, ನಮಗೂ. ನಮ್ಮ ದಿನ ಬಂದಾಗ ಪೊರಕೆ ಹಿಡಿದು ಗುಡಿಸೋಣ, ಅದರಲ್ಲಿ ಅವಮಾನವಿಲ್ಲ. ಅವರ ದಿನ ಬಂದಾಗ ಅವರು ಗುಡಿಸಲಿ. ಪಾಳಿ ಒಪ್ಪದಿದ್ದರೆ ಜೈಲರಿಗೆ ಅರ್ಜಿ, ಅಲ್ಲಿ ಆಗದಿದ್ದರೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ. ಅಡಿಗೆಮನೆಗೂ ಇದೇ ಮಾತು. ಮುದ್ದೆ ತಿರುವುವ ಕೋಲು ನಮ್ಮವನ ಕೈಗೂ ಬರಲಿ. ಆ ಮುದ್ದೆಯನ್ನು ಬೇಡ ಅಂದವನು ಹಸಿದುಕೊಂಡು ಇರಲಿ, ಎರಡು ಹೊತ್ತು ನೋಡೋಣ.

ಇಷ್ಟೆಲ್ಲ ಜಗಳ ಯಾಕೆ, ಬೇರೆ ಬೇರೆ ಇಟ್ಟುಬಿಟ್ಟರೆ ನೆಮ್ಮದಿ ಅಲ್ಲವಾ ಅನ್ನೋರಿದ್ದಾರೆ. ತಮಿಳುನಾಡಿನ ಪಾಳಯಂಕೋಟೆ ಸೆಂಟ್ರಲ್ ಜೈಲಿನಲ್ಲಿ ಅದೇ ಆಗಿತ್ತು. ತೇವರ್, ನಾಡಾರ್, ಪಳ್ಳರ್ ಅಂತ ಜಾತಿವಾರು ಬೇರೆ ಬ್ಯಾರಕ್ಕು. ಕೇಳಿದರೆ, ಒಟ್ಟಿಗಿಟ್ಟರೆ ಹೊಡೆದಾಡುತ್ತಾರೆ ಅನ್ನೋ ಉತ್ತರ. ಆ ನೆಪವನ್ನೂ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಶಿಸ್ತು ಕಾಯೋದು ಆಡಳಿತದ ಕೆಲಸ, ಅದಕ್ಕೆ ಜಾತಿಯ ಗೋಡೆ ಕಟ್ಟಬೇಡಿ ಅಂತು. ಈ ನೆಪ ನಮಗೆ ಹೊಸದಲ್ಲ. ಊರ ಬಾವಿ, ಗುಡಿ, ಹೋಟೆಲ್ಲಿನ ಲೋಟ, ಎಲ್ಲದಕ್ಕೂ 'ಸುಮ್ನೆ ಗಲಾಟೆ ಯಾಕೆ, ನಿಮ್ಮದು ನಿಮಗೆ ಬೇರೆ ಮಾಡಿಸಿಕೊಡ್ತೀವಿ' ಅನ್ನುತ್ತಾ ಬಂದವರೇ ಅಲ್ಲವಾ?

ಕೆಲವರಿಗೆ ಈ ನಿಯಮ ಯಾವುದೂ ಇಲ್ಲ ಅನ್ನೋದು ಬೇರೆ ಮಾತು. 2024ರ ಆಗಸ್ಟಿನಲ್ಲಿ ಪರಪ್ಪನ ಅಗ್ರಹಾರದಲ್ಲಿ ಕುರ್ಚಿ ಹಾಕಿಕೊಂಡು, ಒಂದು ಕೈಯಲ್ಲಿ ಕಪ್ಪು ಒಂದು ಕೈಯಲ್ಲಿ ಸಿಗರೇಟು ಹಿಡಿದು ಕೂತ ಸಿನಿಮಾ ನಟನ ಫೋಟೋ ನೀವೆಲ್ಲ ನೋಡಿದ್ದೀರಿ. ನಮ್ಮ ಚಿತ್ರದುರ್ಗದ ಯುವಕನ ಕೊಲೆಯ ಆರೋಪ ಹೊತ್ತವರು. ಫೋಟೋ ಹೊರಬಂದ ಮೇಲೆ ಬಳ್ಳಾರಿಗೆ ಸಾಗಿಸಿದರು. ಆ ಜಾಗವನ್ನು ಬೆಳಿಗ್ಗೆ ಗುಡಿಸಿದವನು ಯಾರೋ, ಅವನು ಫೋಟೋದಲ್ಲಿಲ್ಲ.

ನಮ್ಮ ಸೀಮೆಯ ಇನ್ನೊಂದು ವಿಷಯ. ಚಳ್ಳಕೆರೆ ಮೊಳಕಾಲ್ಮೂರಿನ ಕಡೆ ಕೊರಚರು, ಕೊರಮರು, ಲಂಬಾಣಿಗಳು, ಅಲೆಮಾರಿಗಳು ಎಷ್ಟು ಜನ ಇದ್ದಾರೆ ನಿಮಗೇ ಗೊತ್ತು. 1871ರಲ್ಲಿ ಇಂಗ್ಲಿಷರು ಮಾಡಿದ ಅಪರಾಧಿ ಬುಡಕಟ್ಟು ಕಾಯ್ದೆಯ ಕೆಳಗೆ ಕೊರಚರಂಥ ಎಷ್ಟೋ ಕುಲಗಳವರು ತೊಟ್ಟಿಲಲ್ಲೇ ಅಪರಾಧಿಗಳು. 1952ರಲ್ಲಿ ಕಾಯ್ದೆ ಹೋಯಿತು, 'ರೂಢಿಗತ ಅಪರಾಧಿ' ಅನ್ನೋ ಹೆಸರಿನಲ್ಲಿ ವಾಸನೆ ಉಳಿಯಿತು. 2024ರ ತೀರ್ಪು ಅದನ್ನೂ ಎತ್ತಿ ಆಡಿದೆ. ಬ್ಯಾರಕ್ಕಿನಲ್ಲಿ ಯಾರದೋ ಸೋಪು ಕಾಣೆಯಾದರೆ ಮೊದಲು ಜಾಡಿಸೋದು ಕೊರಚರ ಹುಡುಗನ ಚೀಲವನ್ನು. ಆಗ ನಮ್ಮವರೂ ಸುತ್ತ ನಿಂತು ನೋಡಿದರೆ, ಹಾಸ್ಟೆಲ್ಲಿನಲ್ಲಿ ಅಂಬೇಡ್ಕರ್ ಫೋಟೋಕ್ಕೆ ಹಾಕಿದ ಹಾರ ದಂಡ.

ಹಾಸ್ಟೆಲ್ ಅಂದೆವು. ಹತ್ತು ಜನದ ಕೋಣೆಯಲ್ಲಿ ಇಪ್ಪತ್ತು ಜನ, ಒಂದೇ ನಲ್ಲಿ, ನೀರು ಸಾರು, ಕಜ್ಜಿ, ಟ್ರಂಕಿಗೆ ಬೀಗ. ನಿಮಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಆದರೆ ಊಟದ ಸಾಲಿನಲ್ಲಿ ಎಡಗೈಯವರ ತಟ್ಟೆ ಒಂದು ಕಡೆ ಬಲಗೈಯವರದು ಒಂದು ಕಡೆ ಇರೋದು, ಭೋವಿ ಹುಡುಗ, ಲಂಬಾಣಿ ಹುಡುಗ ಬಾಗಿಲ ಹತ್ತಿರ ಕೂರೋದು ಎಷ್ಟು ಹಾಸ್ಟೆಲ್ಲಿನಲ್ಲಿ ಇಲ್ಲ? ಒಳಮೀಸಲಾತಿ ಕೇಳೋದು ಹಕ್ಕಿನ ಲೆಕ್ಕ. ಆ ಲೆಕ್ಕ ಸರ್ಕಾರದ ಕಡತದಲ್ಲಿ ಕಟ್ಟುನಿಟ್ಟಾಗಿ ಆಗಲಿ. ಆದರೆ ಕಡತದ ಲೆಕ್ಕವನ್ನು ತಟ್ಟೆಯ ತನಕ ತಂದರೆ ಲಾಭ ಯಾರಿಗೆ? ಹಾಸ್ಟೆಲ್ಲಿನಲ್ಲಿ ಎರಡು ಸಾಲು ಮಾಡಿಕೊಂಡವರು ಬ್ಯಾರಕ್ಕಿನಲ್ಲಿ ಎಂಟು ಸಾಲು ಮಾಡಿಕೊಳ್ತಾರೆ, ವಾರ್ಡರ್‌ಗೆ ಲಾಠಿ ಎತ್ತುವ ಕೆಲಸವೂ ಇರೋದಿಲ್ಲ.

ಇದಕ್ಕಿಂತ ಕಷ್ಟದ ಪ್ರಶ್ನೆ ಒಂದಿದೆ. ನಮ್ಮ ಕೇರಿಗೆ ಬೆಂಕಿ ಇಟ್ಟ ಆರೋಪದವನೇ ಪಕ್ಕದ ಚಾಪೆಯಲ್ಲಿದ್ದರೆ?

ಇದು ಕಲ್ಪನೆಯಲ್ಲ. ಜಾತಿ ನಿಂದನೆ ಕೇಸು ಕೊಟ್ಟ ಮರುದಿನವೇ ನಮ್ಮ ಮೇಲೆ ಕೌಂಟರ್ ಕೇಸು ಬೀಳೋದು ಹಳ್ಳಿಗಳ ರಿವಾಜು. ಎರಡೂ ಕಡೆಯವರು ಒಂದೇ ಜಿಲ್ಲೆಯ ಒಂದೇ ಜೈಲು ಸೇರಬಹುದು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನು ನೆನೆಸಿಕೊಳ್ಳಿ. 2014ರ ಆಗಸ್ಟ್ 28ರಂದು ದಲಿತರ ಗುಡಿಸಲು ಸುಟ್ಟರು. ಕ್ಷೌರದಂಗಡಿ, ಹೋಟೆಲ್ಲಿನ ಒಳಗೆ ಬಿಡದಿದ್ದ ಊರು ಅದು. ಹತ್ತು ವರ್ಷ ಕೇಸು ನಡೆದು 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇನ್ನು ಮೂವರಿಗೆ ಐದು ವರ್ಷ. ಆ ಮೂವರು ಪರಿಶಿಷ್ಟರೇ ಆದ್ದರಿಂದ ದೌರ್ಜನ್ಯ ಕಾಯ್ದೆ ಅವರಿಗೆ ಅನ್ವಯಿಸಲಿಲ್ಲ. ಸುಟ್ಟವರ ಗುಂಪಿನಲ್ಲಿ ನಮ್ಮವರೂ ಇದ್ದರು ಅನ್ನೋದನ್ನ ಎರಡು ಸಲ ಓದಿಕೊಳ್ಳಿ. ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠ 97 ಜನಕ್ಕೆ ಜಾಮೀನು ಕೊಟ್ಟಿತು. ಒಂದು ತಿಂಗಳೂ ಆಗಿರಲಿಲ್ಲ. ಅವರಿಗೆ ಪಹಣಿಯ ಆಸಾಮಿಗಳು ಸಿಕ್ಕಿದರು.

ಅಂಥವನ ಜೊತೆ ಒಂದೇ ಸೂರಿನಡಿ ಇರಬೇಕಾಗಿ ಬಂದರೆ ಹೊಡೆದಾಡಿ ಅಂತ ನಾವು ಹೇಳೋದಿಲ್ಲ. ಒಳಗೆ ಕೈ ಎತ್ತಿದವನಿಗೆ ಹೊಸ ಕೇಸು, ಮಾಫಿ ಕಟ್. ನೀರು ಕೇಳಿದರೆ ನೀರು ಕೊಡಿ, ಜ್ವರ ಬಂದರೆ ಕಾಂಪೌಂಡರನ್ನು ಕರೆಯಿರಿ. ಅವನಿಗೆ ತಿಳಿಯಲಿ ನಾವು ಯಾರು ಅಂತ. ಆದರೆ ಒಂದು ದಿನ ಅವನು ಬೀಡಿ ಚಾಚಿ 'ನಾವೂ ನೀವೂ ಒಂದೇ ಊರವರು, ಹೊರಗೆ ಹೋದಮೇಲೆ ಮುಖ ನೋಡಬೇಕಲ್ಲ, ರಾಜಿ ಮಾಡಿಕೊಳ್ಳೋಣ' ಅಂತಾನೆ. ಆ ಬೀಡಿಯನ್ನು ಮಾತ್ರ ತಗೋಬೇಡಿ. ಜೈಲಿನ ಸ್ನೇಹದಲ್ಲಿ ಸಾಕ್ಷಿಗಳು ಕರಗಿಹೋಗುತ್ತವೆ. ಹೊರಗೆ ನಿಮ್ಮ ಅಕ್ಕ ತಂಗಿಯರು ಕೋರ್ಟಿನ ಕಟಕಟೆಯಲ್ಲಿ ನಿಂತು ಹೇಳಿದ ಮಾತನ್ನು ಒಳಗಿದ್ದುಕೊಂಡು ಅಳಿಸುವ ಅಧಿಕಾರ ನಿಮಗಿಲ್ಲ.

ಜೈಲಿನವರ ಭಾಷೆಯಲ್ಲಿ ಹೊಂದಿಕೊಂಡು ಹೋಗೋದಕ್ಕೆ 'ಸನ್ನಡತೆ' ಅಂತ ಹೆಸರು. ಆಗಸ್ಟ್ 15, ಜನವರಿ 26 ಹತ್ತಿರ ಬಂದಾಗ ಸನ್ನಡತೆಯವರ ಪಟ್ಟಿ ತಯಾರಾಗುತ್ತೆ. (ಮೊಳಕಾಲ್ಮೂರಿನ ಬ್ರಹ್ಮಗಿರಿ ಬಂಡೆ ಮೇಲೆ ಶಾಸನ ಕೊರೆಸಿದ ಅಶೋಕ, ಪಟ್ಟಕ್ಕೆ ಬಂದ ಇಪ್ಪತ್ತಾರು ವರ್ಷದಲ್ಲಿ ಇಪ್ಪತ್ತೈದು ಸಲ ಕೈದಿಗಳನ್ನು ಬಿಟ್ಟೆ ಅಂತ ಇನ್ನೊಂದು ಕಂಬದ ಮೇಲೆ ಬರೆಸಿದ್ದಾನೆ. ನಮ್ಮವರು ಅಷ್ಟಾದರೂ ಮಾಡಲಿ.) ಸುಮ್ಮನೆ ತಲೆ ತಗ್ಗಿಸಿದವನದು ಸನ್ನಡತೆ, ಪಕ್ಕದವನಿಗೆ ಬಿದ್ದ ಏಟನ್ನು ಬರೆದು ಕಳಿಸಿದವನದು? ಆ ಪ್ರಶ್ನೆಗೆ ದಿಲ್ಲಿಯ ತಿಹಾರ್ ಜೈಲಿನಿಂದ ಉತ್ತರ ಬಂದಿತ್ತು. ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ, ಇನ್ನೊಬ್ಬ ಕೈದಿಯನ್ನು ದುಡ್ಡಿಗಾಗಿ ವಾರ್ಡರ್ ಹಿಂಸಿಸಿದ್ದನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ಕಾಗದ ಬರೆದು ತಿಳಿಸಿದ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮತ್ತು ಅವರ ಜೊತೆಯವರು ಆ ಕಾಗದವನ್ನೇ ಅರ್ಜಿಯೆಂದು ತಗೊಂಡರು. 1979ರ ಡಿಸೆಂಬರಿನಲ್ಲಿ ತೀರ್ಪು ಬಂತು. ತನ್ನ ಕುತ್ತಿಗೆಯೇ ಹಗ್ಗದಲ್ಲಿದ್ದವನು ಪಕ್ಕದವನಿಗಾಗಿ ಬರೆದ.

ಓದಿದ ಹುಡುಗನ ಕೈಯಲ್ಲಿ ಅಲ್ಲಿ ಇರೋ ಆಯುಧ ಅದೊಂದೇ, ಕಾಗದ ಪೆನ್ನು. ಬ್ಯಾರಕ್ಕಿನ ದಾದಾನಿಗೂ ಅರ್ಜಿ ಬರೆಯೋಕೆ ಬರೋದಿಲ್ಲ. ಬರೆದುಕೊಡಿ, ದುಡ್ಡು ಬೀಡಿ ಇಸ್ಕೋಬೇಡಿ. ಮೊದಲ ರಾತ್ರಿಯೇ ಯಾರನ್ನೂ 'ಏನು ಕೇಸು' ಅಂತ ಕೇಳಬೇಡಿ. ಅರ್ಜಿ ಬರೆಸೋಕೆ ಬಂದಾಗ ಅವನೇ ಹೇಳ್ತಾನೆ. ಸಾಲಕ್ಕೆ ಕ್ಯಾಂಟೀನ್ ಸಾಮಾನು ತಗೋಬೇಡಿ, ಒಳಗಿನ ಬಡ್ಡಿ ಹೊರಗಿನದಕ್ಕಿಂತ ಕ್ರೂರ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ, ಪರಿಶಿಷ್ಟ ಜಾತಿ ಪಂಗಡದವರಿಗೂ, ಬಿಟ್ಟಿ ವಕೀಲರು ಸಿಗಬೇಕು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮನ್ನು ಬಾಯಿಪಾಠ ಮಾಡಿಕೊಳ್ಳಿ. ಹಿಂದೆ ಶಿಕ್ಷೆಯಾಗಿಲ್ಲದ ವಿಚಾರಣಾಧೀನ ಕೈದಿ ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡಿನ ಮೇಲೆ ಬಿಡಬೇಕು, ಉಳಿದವರನ್ನು ಅರ್ಧ ಕಳೆದ ಮೇಲೆ. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಇಲ್ಲ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದವರಿಗೂ ಇಲ್ಲ. ಹಳೆಯ ಕೇಸುಗಳಿಗೂ ಇದು ಅನ್ವಯ ಅಂತ ಅದೇ ವರ್ಷದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅರ್ಜಿ ಹಾಕಬೇಕಾದ್ದು ಜೈಲಿನ ಸೂಪರಿಂಟೆಂಡೆಂಟರೇ. ಅವರಿಗೆ ನೆನಪು ಮಾಡೋಕೆ ಒಬ್ಬ ಬೇಕು.

ಹೊರಗಿರುವ ನಮಗೂ ಕೆಲಸ ಇದೆ. ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರೂ ಹತ್ತು ಪೋಸ್ಟ್ ಕಾರ್ಡು, ಒಂದು ಪೆನ್ನು, ಓದಿ ಮುಗಿಸಿದ ಒಂದು ಕನ್ನಡ ಪುಸ್ತಕ ತನ್ನಿ. ಚಿತ್ರದುರ್ಗದ ಜಿಲ್ಲಾ ಕಾರಾಗೃಹಕ್ಕೂ ಬಳ್ಳಾರಿಗೂ ಅನುಮತಿ ಕೇಳಿ ಕಳಿಸೋಣ. ಪುಸ್ತಕದ ಮೊದಲ ಪುಟದಲ್ಲಿ ಕೊಟ್ಟವರ ಹೆಸರು ಬರೆಯಿರಿ, ಜಾತಿ ಗೊತ್ತಾಗುವ ಅಡ್ಡಹೆಸರು ಬೇಡ. ಹಟ್ಟಿಯಲ್ಲಿ ಯಾರಿಗಾದರೂ ತುಂಡು ಭೂಮಿಯ ಪಹಣಿ ಇದ್ದರೆ, ಜಾಮೀನಿಗೆ ನಿಲ್ಲೋಕೆ ಒಪ್ಪುತ್ತಾರಾ ಅಂತ ರಜೆಗೆ ಊರಿಗೆ ಹೋದಾಗ ಕೇಳಿಕೊಂಡು ಬನ್ನಿ.